ಮೊಬೈಲಿಗೆ ಬರುವ ಇಂಟರ್ನೆಟ್ ಉಬುಂಟು ಕಂಪ್ಯೂಟರಿಗೆ ಏಕೆ ಬರುವುದಿಲ್ಲ?

ಗಂಗಾವತಿಯ ಅಕ್ಕಿ ಗಿರಣಿಯ ಕಚೇರಿಯಲ್ಲಿ ಉಬುಂಟು (ವಿಂಡೋಸ್‌ನಂಥ ಒಂದು ಕಾರ್ಯಾಚರಣಾ ವ್ಯವಸ್ಥೆ) ಹಾಕಿದ ಕಂಪ್ಯೂಟರಿಗೆ ಕೇಬಲ್ ಜೋಡಿಸಿದರೂ ಯಾವ ಜಾಲತಾಣವೂ ತೆರೆಯುತ್ತಿಲ್ಲ, ಅದೇ ರೌಟರಿನಿಂದ ಮೊಬೈಲಿಗೆ ಸರಿಯಾಗಿ ಬರುತ್ತಿದೆ ಎಂದು ಕೇಳಿದ್ದೀರಿ. ಹೊರಗಿನ ಸಂಪರ್ಕ ಸರಿಯಿದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಉಬುಂಟುವನ್ನು ಮತ್ತೆ ಇನ್‌ಸ್ಟಾಲ್ ಮಾಡುವ ಆತುರ ದಯವಿಟ್ಟು ಬೇಡ.

ಕೇಬಲ್ ಸಿಕ್ಕಿಸುವ ಕಿಂಡಿಯ ಪಕ್ಕದ ಸಣ್ಣ ದೀಪ ಉರಿಯದಿದ್ದರೆ ಬೇರೆ ಕೇಬಲ್ ಹಾಕಿ ನೋಡಿ. ತೌಡಿನ ಧೂಳು ಕೂರುವ ಜಾಗದಲ್ಲಿ ಆ ಕಿಂಡಿಯನ್ನು ಶುಚಿ ಮಾಡುವುದೂ ಅಗತ್ಯ. ದೀಪ ಉರಿಯುತ್ತಿದ್ದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಐಪಿ ಎ’ (ip a) ಕಮಾಂಡ್ ಕೊಡಿ; ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ಕಾಣುತ್ತದೆ. ಅಲ್ಲಿ 169.254ರಿಂದ ಆರಂಭವಾಗುವ ವಿಳಾಸ ಕಂಡರೆ, ಕಂಪ್ಯೂಟರುಗಳಿಗೆ ತಾನಾಗಿಯೇ ವಿಳಾಸ ಹಂಚುವ ರೌಟರಿನ ಡಿಎಚ್‌ಸಿಪಿ ವ್ಯವಸ್ಥೆಯಿಂದ ವಿಳಾಸ ಸಿಕ್ಕಿಲ್ಲವೆಂದು ಅರ್ಥ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ಐಪಿವಿ4 (ಇಂಥ ಅಂಕಿಯ ವಿಳಾಸದ ಸೆಟ್ಟಿಂಗ್) ಆಟೊಮ್ಯಾಟಿಕ್ ಆಗಿದೆಯೇ ಎಂದು ನೋಡಿ, ಸಂಪರ್ಕವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಮುಂದೆ, ಇನ್ನೊಂದು ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಕಮಾಂಡನ್ನು ಟರ್ಮಿನಲ್‌ನಲ್ಲಿ ಕೊಡಿ. ‘ಪಿಂಗ್ 8.8.8.8’ಕ್ಕೆ (ping 8.8.8.8; ಇದು ಗೂಗಲ್‌ನ ಸರ್ವರ್ ವಿಳಾಸ) ಉತ್ತರ ಬಂದು, ಜಾಲತಾಣದ ಹೆಸರು ಕೊಟ್ಟಾಗ ಮಾತ್ರ ದೋಷ ಕಂಡರೆ, ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಕೆಲಸ ಮಾಡುತ್ತಿಲ್ಲ. ನಾನು ನೋಡಿದ ಹೆಚ್ಚಿನ ದೂರುಗಳು ಇಲ್ಲಿಗೇ ಬಂದು ನಿಂತಿವೆ. ಆಗ ಬಹಳ ಜನ ಡಿಎನ್‌ಎಸ್ ವಿಳಾಸ ಬರೆದಿರುವ ‘ರಿಸಾಲ್ವ್.ಕಾನ್ಫ್’ (resolv.conf) ಕಡತವನ್ನೇ ತಿದ್ದುತ್ತಾರೆ. ಈಗಿನ ಉಬುಂಟುವಿನಲ್ಲಿ ಅದನ್ನು ಸಿಸ್ಟಮ್‌ಡಿ-ರಿಸಾಲ್ವ್‌ಡ್ ಎಂಬ ಹಿನ್ನೆಲೆಯ ತಂತ್ರಾಂಶ ನಿರ್ವಹಿಸುವುದರಿಂದ ಆ ತಿದ್ದುಪಡಿ ಉಳಿಯುವುದಿಲ್ಲ, ಮತ್ತು ಅದರಲ್ಲಿ ಕಾಣುವ 127.0.0.53 ಆ ತಂತ್ರಾಂಶದ್ದೇ ವಿಳಾಸ, ತಪ್ಪಲ್ಲ. ಅದರ ಬದಲು ಐಪಿವಿ4 ಪುಟದ ಡಿಎನ್‌ಎಸ್ ಜಾಗದಲ್ಲಿ ಆಟೊಮ್ಯಾಟಿಕ್ ತೆಗೆದು, 1.1.1.1 (ಕ್ಲೌಡ್‌ಫ್ಲೇರ್ ಕಂಪನಿಯ ಸಾರ್ವಜನಿಕ ಡಿಎನ್‌ಎಸ್) ಎಂದು ಬರೆದು ಉಳಿಸಿ, ಸಂಪರ್ಕವನ್ನು ಮತ್ತೆ ಆಫ್ ಮಾಡಿ ಆನ್ ಮಾಡಿ.

ಎರಡೂ ಪಿಂಗ್ ಸರಿಯಿದ್ದು ಬ್ರೌಸರ್ ಮಾತ್ರ ಭದ್ರತೆಯ ಎಚ್ಚರಿಕೆ ತೋರಿಸಿದರೆ ಕಂಪ್ಯೂಟರಿನ ದಿನಾಂಕವನ್ನು ನೋಡಿ; ಅದು ತಪ್ಪಿದ್ದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಬ್ರೌಸರಿಗೆ ಅಮಾನ್ಯವಾಗಿ ಕಾಣುತ್ತವೆ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಮುಗಿದು ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿರಬಹುದು.