ಹಂದಿಯಿಂದ ಬರುವ ಸೋಂಕು ಹೃದಯದ ಕವಾಟಕ್ಕೂ ತಗುಲುತ್ತದಾ?

ಹೌದು, ತಗುಲಬಹುದು. ಅಪರೂಪ, ಆದರೆ ತುಂಬಾ ಗಂಭೀರ. ಮುಖ್ಯವಾಗಿ ಎರಡು ಬ್ಯಾಕ್ಟೀರಿಯಾಗಳ ಹೆಸರು ಕೇಳಿಬರುತ್ತದೆ: ಸ್ಟ್ರೆಪ್ಟೋಕಾಕಸ್ ಸುಯಿಸ್ ಮತ್ತು ಎರಿಸಿಪೆಲೋಥ್ರಿಕ್ಸ್. ಮೊದಲನೆಯದು ಜಾಸ್ತಿ ಮಿದುಳಿನ ಪೊರೆಗೆ ಹೋಗುತ್ತದೆ, ಬದುಕುಳಿದವರಲ್ಲಿ ಹಲವರ ಕಿವಿ ಮಂದವಾಗುತ್ತದೆ. ಕವಾಟದ ಮಾತಿಗೆ ಬಂದರೆ ನನಗೆ ಹೆಚ್ಚು ಭಯ ಎರಡನೆಯದರದ್ದೇ.

ಅದು ಹಂದಿ ಸಾಕುವವರು, ಮಾಂಸ ಕತ್ತರಿಸುವವರು, ಪಶುವೈದ್ಯರು, ಮೀನಿನ ಕೆಲಸದವರ ಕೈಯ ಸಣ್ಣ ಗಾಯದಿಂದ ಒಳಗೆ ಸೇರುತ್ತದೆ. ಸಾಮಾನ್ಯವಾಗಿ ಬೆರಳು ನೇರಳೆ ಬಣ್ಣಕ್ಕೆ ತಿರುಗಿ, ಊದಿ, ವಿಪರೀತ ನೋಯುತ್ತದೆ. ಕೆಲವು ವಾರಗಳಲ್ಲಿ ತಾನಾಗೇ ವಾಸಿಯಾಗುವುದೂ ಉಂಟು. ಕೆಲವರಲ್ಲಿ ಮಾತ್ರ ರಕ್ತಕ್ಕೆ ಇಳಿದು ಕವಾಟದ ಮೇಲೆ ಕೂರುತ್ತದೆ. ಹೆಚ್ಚಾಗಿ ಮಹಾಪಧಮನಿಯ (ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ) ಕವಾಟದ ಮೇಲೆ. ಅದನ್ನೇ ಹಾಳುಮಾಡುತ್ತದೆ. ವಾರಗಟ್ಟಲೆ ಬಿಡದ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಏದುಸಿರು ಇದರ ಲಕ್ಷಣಗಳು. ಕುಡಿತ ಜಾಸ್ತಿ ಇರುವವರಿಗೆ ಅಪಾಯವೂ ಜಾಸ್ತಿ.

ಇಲ್ಲೊಂದು ಮುಖ್ಯ ವಿಷಯ. ಕವಾಟದ ಸೋಂಕಿನ ಅನುಮಾನ ಬಂದಾಗ ವೈದ್ಯರು ಮೊದಲು ಶುರುಮಾಡುವ ಔಷಧಗಳಲ್ಲಿ ವ್ಯಾಂಕೊಮೈಸಿನ್ ಒಂದು. ಎರಿಸಿಪೆಲೋಥ್ರಿಕ್ಸ್‌ಗೆ ಅದು ನಾಟುವುದೇ ಇಲ್ಲ! ಹಳೆಯ ಪೆನ್ಸಿಲಿನ್ ಚೆನ್ನಾಗಿ ನಾಟುತ್ತದೆ. 4ರಿಂದ 6 ವಾರ ರಕ್ತನಾಳದ ಮೂಲಕ ಕೊಡುತ್ತಾರೆ. ಕೆಲವರಿಗೆ ಕವಾಟವನ್ನೇ ಬದಲಿಸಬೇಕಾಗುತ್ತದೆ. ಹಾಗಾಗಿ ಜ್ವರ ಬಿಡದಿದ್ದರೆ "ನಾನು ಹಂದಿ ಕೆಲಸ ಮಾಡ್ತೀನಿ" ಅಂತ ವೈದ್ಯರಿಗೆ ಮೊದಲೇ ಹೇಳಿ. ರಕ್ತವನ್ನು ಕಲ್ಚರ್ ಪರೀಕ್ಷೆಗೆ (ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ಯಾವುದೆಂದು ಗುರುತಿಸುವುದು) ಕೊಡುವುದು ಆಂಟಿಬಯಾಟಿಕ್ ಶುರುವಾಗುವ ಮೊದಲೇ ಆಗಬೇಕು.

ಪಂದಿ ಕರಿ ತಿನ್ನಲು ಸುಮ್ನೆ ಹೆದರಬೇಡಿ, ಚೆನ್ನಾಗಿ ಬೇಯಿಸಿದರೆ ಇವು ಸಾಯುತ್ತವೆ. ಹಸಿ ಮಾಂಸ ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ, ಗಾಯವಾದರೆ ತಕ್ಷಣ ಸೋಪಿನಿಂದ ತೊಳೆಯಿರಿ.