ಬಾಲ ನೋಡಿ, ಬಣ್ಣ ಬಿಡಿ

ಪ್ರಶ್ನೆ: ಗಂಗೊಳ್ಳಿ ಬಂದರಿನಲ್ಲಿ ಮೊಬೈಲಿನಿಂದ ತೆಗೆದ ನಾಲ್ಕು ಫೋಟೊ ಕಳಿಸಿದ್ದೇನೆ. ಬಿಸಿಲಿಗೆ ಎದುರಾಗಿ ತೆಗೆದದ್ದರಿಂದ ಹಕ್ಕಿ ಕಪ್ಪಗೆ ಬಂದಿದೆ. ಅದರಲ್ಲಿ ಒಂದನ್ನು ಆ್ಯಪ್‌ ಹಾಕಿ ಕ್ಲಿಯರ್ ಮಾಡಿ ಅದನ್ನೂ ಜೊತೆಗಿಟ್ಟಿದ್ದೇನೆ. ನಮ್ಮ ಮಾವ ಹದ್ದು ಅಂತಾರೆ, ಮಗಳು ಗರುಡನ ಮರಿ ಅಂತಾಳೆ. ಯಾರು ಹೇಳಿದ್ದು ಸರಿ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಮಗಳು ಹೇಳಿದ್ದು ಸರಿ. ಮಾವನವರಿಗೆ ಹದ್ದು ಅನ್ನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಗರುಡ ಎಂದ ಕೂಡಲೇ ನಮಗೆ ನೆನಪಾಗುವುದು ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆಗೆಂಪು ಮೈ. ಮರಿಗೆ ಇದ್ಯಾವುದೂ ಇರುವುದಿಲ್ಲ, ಪ್ರಾಯಕ್ಕೆ ಬರುವ ತನಕ ಅದೂ ಹದ್ದಿನ ಹಾಗೇ ಕಂದು. ಮೀನಿನ ದಕ್ಕೆಯ ಮೇಲೆ ಎರಡೂ ಒಟ್ಟಿಗೇ ಸುತ್ತುತ್ತಿರುತ್ತವೆ ಬೇರೆ.

ಇಂಥ ಫೋಟೊದಲ್ಲಿ ಬಣ್ಣವನ್ನು ಕೈಬಿಟ್ಟು ಬಾಲ ನೋಡಬೇಕು. ಹದ್ದಿನ ಬಾಲ ಕವಲೊಡೆದದ್ದು: ಅಂಚಿನ ಗರಿಗಳು ಉದ್ದ, ನಡುವಿನವು ಗಿಡ್ಡ. ಬಾಲವನ್ನು ಪೂರ್ತಿ ಬಿಚ್ಚಿದಾಗ ಕವಲು ಮಾಯವಾಗಿ ತುದಿ ನೇರ ಗೆರೆಯಾಗುತ್ತದೆ, ಆದರೂ ಎರಡು ಮೂಲೆಗಳು ಚೂಪಾಗಿಯೇ ಉಳಿಯುತ್ತವೆ. ಗರುಡನ ಬಾಲ ಬಿಚ್ಚಿದರೂ ಮಡಿಸಿದರೂ ದುಂಡು. ನಿಮ್ಮ ಎರಡನೇ ಫೋಟೊದಲ್ಲಿ ಬಾಲ ಬಿಚ್ಚಿದೆ, ನಾಲ್ಕನೆಯದರಲ್ಲಿ ಮಡಿಸಿದೆ. ಎರಡರಲ್ಲೂ ತುದಿ ಬಾಗಿದ ಗೆರೆಯೇ. ಒಂದೇ ಫೋಟೊ ಕಳಿಸಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ, ಗರಿ ಉದುರುವ ಕಾಲದಲ್ಲಿ ನಡುವಿನ ಒಂದೆರಡು ಗರಿ ಬಿದ್ದ ಗರುಡನ ಬಾಲವೂ ಕವಲಿನಂತೆ ಕಾಣಬಹುದು. ರೆಕ್ಕೆಯೂ ಹದ್ದಿನದಕ್ಕಿಂತ ಗಿಡ್ಡವಾಗಿದೆ. ಮುಂದಿನ ಸಲ ಫೋಟೊ ತೆಗೆಯುವ ಮೊದಲು ಅರೆಗಳಿಗೆ ಸುಮ್ಮನೆ ನೋಡಿ. ಹದ್ದು ತೇಲುವಾಗ ಬಾಲವನ್ನು ದೋಣಿಯ ಚುಕ್ಕಾಣಿಯಂತೆ ಆ ಕಡೆ ಈ ಕಡೆ ತಿರುಚುತ್ತಲೇ ಇರುತ್ತದೆ. ಅದನ್ನು ನೋಡಿ ಅಭ್ಯಾಸವಾದರೆ ಫೋಟೊ ಇಲ್ಲದೆಯೂ ಗುರುತು ಹತ್ತುತ್ತದೆ.

ಇನ್ನು ಆ ‘ಕ್ಲಿಯರ್’ ಮಾಡಿದ ಫೋಟೊ. ದಯವಿಟ್ಟು ಅದನ್ನು ಅಳಿಸಿಬಿಡಿ. ಮೂಲ ಫೋಟೊದಲ್ಲಿ ಮಸುಕಾಗಿದ್ದ ಬಾಲದ ತುದಿಗೆ ಆ್ಯಪ್‌ ತಾನೇ ಎರಡು ಚೂಪು ಮೂಲೆ ಬರೆದುಬಿಟ್ಟಿದೆ, ರೆಕ್ಕೆಯ ಮೇಲೆ ಇಲ್ಲದ ಗರಿಗಳನ್ನೂ ಸಾಲಾಗಿ ಜೋಡಿಸಿದೆ. ನೋಡಲು ಚೆಂದ, ಆದರೆ ಅಲ್ಲಿರುವುದು ನೀವು ಕಂಡ ಹಕ್ಕಿಯಲ್ಲ. ಮಸುಕು ಫೋಟೊ ಸುಳ್ಳು ಹೇಳುವುದಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತದೆ. ಎಲ್ಲ ಓದುಗರಲ್ಲೂ ನನ್ನ ಕೋರಿಕೆ ಇದು: ತೆಗೆದದ್ದನ್ನು ತೆಗೆದ ಹಾಗೇ ಕಳಿಸಿ. ವಾಟ್ಸ್ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಅದು ಇನ್ನಷ್ಟು ಹಿಂಡಿಹೋಗುತ್ತದೆ. ಊರು, ತಿಂಗಳು, ಹೊತ್ತು ಬರೆಯುವುದನ್ನು ಮರೆಯಬೇಡಿ.

ಪ್ರಶ್ನೆ: ಮಂಡ್ಯದ ಹತ್ತಿರ ನಾಟಿ ಮಾಡಿದ ಗದ್ದೆಯಲ್ಲಿ ಕಂಡ ಬೆಳ್ಳಕ್ಕಿ. ಕೊಕ್ಕು ಕಪ್ಪಾಗಿರುವುದರಿಂದ ಚಿಕ್ಕ ಬೆಳ್ಳಕ್ಕಿ ಎಂದು ಬರೆದುಕೊಂಡಿದ್ದೇನೆ. ಕಾಲು ಕೆಸರಿನಲ್ಲಿದೆ. ಸರಿಯೇ?

ಉತ್ತರ: ಅಲ್ಲ, ಇದು ದೊಡ್ಡ ಬೆಳ್ಳಕ್ಕಿ. ಅದರ ಹಳದಿ ಕೊಕ್ಕು ಮರಿ ಮಾಡುವ ಕಾಲಕ್ಕೆ ಕಪ್ಪಾಗುತ್ತದೆ, ಮಧ್ಯಮ ಬೆಳ್ಳಕ್ಕಿಯದೂ ಹಾಗೇ. ಚಿಕ್ಕ ಬೆಳ್ಳಕ್ಕಿಯ ಹಳದಿ ಪಾದ ಕಂಡಿದ್ದರೆ ಅನುಮಾನವೇ ಇರುತ್ತಿರಲಿಲ್ಲ, ಅದನ್ನು ಕೆಸರು ನುಂಗಿದೆ. ಬಾಯಿಯ ಸೀಳು ಕಣ್ಣನ್ನು ದಾಟಿ ಹಿಂದಕ್ಕೆ ಹೋದರೆ ದೊಡ್ಡದು, ಕಣ್ಣಿನ ಕೆಳಗೇ ನಿಂತರೆ ಮಧ್ಯಮ. ಆದರೆ ನಿಮ್ಮ ಫೋಟೊದಲ್ಲಿ ಬಿಸಿಲಿಗೆ ಮುಖವೆಲ್ಲ ಬೆಳ್ಳಗೆ ಸುಟ್ಟುಹೋಗಿದೆ. ನನ್ನ ಕೈಹಿಡಿದದ್ದು ಎಡಮೂಲೆಯಲ್ಲಿ ನಿಂತ ಗೋವಕ್ಕಿ. ಅದರ ಎತ್ತರ ಸುಮಾರು 50 ಸೆಂ.ಮೀ. ನಿಮ್ಮ ಹಕ್ಕಿ ಅದೇ ಬದುವಿನ ಪಕ್ಕ, ಅಷ್ಟೇ ದೂರದಲ್ಲಿ, ಹೆಚ್ಚುಕಡಿಮೆ ಎರಡರಷ್ಟು ಎತ್ತರಕ್ಕಿದೆ. ಚಿಕ್ಕದಾಗಲಿ ಮಧ್ಯಮವಾಗಲಿ ಅಷ್ಟು ಎತ್ತರ ಇರುವುದಿಲ್ಲ. ಅದಕ್ಕೇ ಹಕ್ಕಿಯನ್ನಷ್ಟೇ ಕತ್ತರಿಸಿ ಕಳಿಸಬೇಡಿ, ಅಕ್ಕಪಕ್ಕದ್ದೂ ಇರಲಿ. ಬಿಳಿ ಹಕ್ಕಿ ತೆಗೆಯುವಾಗ ಮೊಬೈಲಿನ ತೆರೆಯಲ್ಲಿ ಹಕ್ಕಿಯ ಮೇಲೆ ಬೆರಳೊತ್ತಿ ಬೆಳಕನ್ನು ಸ್ವಲ್ಪ ಇಳಿಸಿಕೊಂಡರೆ ಮುಖ ಉಳಿಯುತ್ತದೆ.

ಪ್ರಶ್ನೆ: ಶಿರಸಿಯ ನಮ್ಮ ಅಡಿಕೆ ತೋಟದಲ್ಲಿ ದಿನಾ ಬೆಳಗ್ಗೆ ಕಾಣುವ ಪುಟ್ಟ ಹಸಿರು ಹಕ್ಕಿ. ಒಂದು ಗಳಿಗೆ ನಿಲ್ಲುವುದಿಲ್ಲ. ಫೋಟೊ ಕೆಳಗಿನಿಂದ ಸಿಕ್ಕಿದ್ದು. ಆ್ಯಪ್‌ ಒಂದು ಹೆಸರು ಹೇಳಿತು, ಮಾರನೇ ದಿನ ಅದೇ ಫೋಟೊಗೆ ಬೇರೆ ಹೇಳಿತು.

ಉತ್ತರ: ಇದು ಎಲೆ ಉಲಿಯಕ್ಕಿಗಳ ಪೈಕಿ ಒಂದು, ಇಂಗ್ಲಿಷಿನವರ ಲೀಫ್ ವಾರ್ಬ್ಲರ್. ಈ ಫೋಟೊದಿಂದ ಅದಕ್ಕಿಂತ ಮುಂದೆ ನಾನು ಹೋಗುವುದಿಲ್ಲ, ಯಾರಾದರೂ ಹೋದರೆ ನಂಬಬೇಡಿ. ಚಳಿಗಾಲದಲ್ಲಿ ಪಶ್ಚಿಮ ಘಟ್ಟಕ್ಕೆ ಬರುವ ಗ್ರೀನಿಶ್ ವಾರ್ಬ್ಲರ್ ಮತ್ತು ಗ್ರೀನ್ ವಾರ್ಬ್ಲರ್ ಎಷ್ಟು ಹೋಲುತ್ತವೆಂದರೆ ಬಹುಕಾಲ ಅವನ್ನು ಒಂದೇ ಜಾತಿಯಲ್ಲಿ ಸೇರಿಸಿದ್ದರು. ಏಳೆಂಟು ಗ್ರಾಂ ತೂಗುವ ಈ ಗ್ರೀನ್ ವಾರ್ಬ್ಲರ್ ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ನಡುವಿನ ಕಾಕಸಸ್ ಬೆಟ್ಟಗಳ ಕಡೆಯಿಂದ ಹಾರಿ ನಿಮ್ಮ ತೋಟಕ್ಕೆ ಬರುತ್ತದೆ ಎಂದು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಇಷ್ಟು ದೂರ ಬಂದ ಜೀವಕ್ಕೆ ಅಂದಾಜಿನ ಹೆಸರು ಹಚ್ಚುವುದು ಬೇಡ. ಅಂದಾಜಿನ ಹೆಸರುಗಳು ಸೇರುತ್ತಾ ಹೋದರೆ ಯಾವ ಹಕ್ಕಿ ಎಲ್ಲಿ ಉಳಿದಿದೆ, ಎಲ್ಲಿ ಕಡಿಮೆಯಾಗಿದೆ ಎಂಬ ಲೆಕ್ಕವೇ ಕೆಡುತ್ತದೆ. ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಜಾತಿ ಹೇಳದೆ ‘ಲೀಫ್ ವಾರ್ಬ್ಲರ್’ ಎಂದಷ್ಟೇ ದಾಖಲಿಸಲು ಅವಕಾಶವಿದೆ, ಸದ್ಯಕ್ಕೆ ಹಾಗೆ ಹಾಕಿ.

ಇವುಗಳ ಗುರುತು ಇರುವುದು ಕೂಗಿನಲ್ಲಿ. ಗ್ರೀನಿಶ್‌ನ ಕೂಗು ಎರಡು ತುಂಡು, ಗ್ರೀನ್‌ನದು ಸಾಮಾನ್ಯವಾಗಿ ಮೂರು. ದಪ್ಪ ಕೊಕ್ಕಿನ ಇನ್ನೊಂದು ಬಗೆ ಶಿಳ್ಳೆ ಹಾಕಿದಂತೆ ಎರಡು ಸ್ವರ ಎಳೆಯುತ್ತದೆ, ಎರಡನೆಯದು ಮೇಲಕ್ಕೇರುತ್ತದೆ. ಬೆಳಗ್ಗೆ ತೋಟಕ್ಕೆ ಇಳಿದಾಗ ಮೊಬೈಲಿನ ರೆಕಾರ್ಡರ್ ಹಚ್ಚಿ ಕಿಸೆಯ ಹೊರಗಿಟ್ಟು ಎರಡು ನಿಮಿಷ ನಿಲ್ಲಿ, ಪಂಪ್‌ಸೆಟ್ ಚಾಲೂ ಆಗುವ ಮುಂಚೆ. ಏಪ್ರಿಲ್ ಹೊತ್ತಿಗೆ ಇವು ಹೊರಟುಬಿಡುತ್ತವೆ. ಅಷ್ಟರೊಳಗೆ ಆ ಧ್ವನಿ ಕಳಿಸಿ, ಫೋಟೊ ಬೇಡ.