ನೀರಿನ ಪೈಪಿಗೆ ಗಾಳಿ ತುಂಬುವ ಮುನ್ನ

ಪ್ರಶ್ನೆ: ಮನೆಯಲ್ಲೇ ಸಣ್ಣ ವರ್ಕ್‌ಶಾಪ್ ಮಾಡುತ್ತಿದ್ದೇನೆ. ಯಂತ್ರಗಳನ್ನು ಎಲ್ಲೆಲ್ಲಿ ಇಡಬೇಕೆಂದು ಇನ್ನೂ ನಿಶ್ಚಯವಾಗಿಲ್ಲ. ಕಂಪ್ರೆಸರ್ ಗಾಳಿಗೆ ಪಿವಿಸಿ ಪೈಪ್ ಹಾಕಿದರೆ ಬೇಕೆಂದಾಗ ಕತ್ತರಿಸಿ ಅಂಟಿಸಬಹುದಲ್ಲವೇ? ಪೈಪಿನ ಮೇಲೆ (ಚದರ ಸೆಂ.ಮೀ.ಗೆ) 10 ಕೆ.ಜಿ. ಒತ್ತಡ ಎಂದೇ ಅಚ್ಚಾಗಿದೆ.

ಉತ್ತರ: ಬೇಡ. ಈ ಪ್ರಶ್ನೆಗೆ ಉತ್ತರಿಸಿ ಉತ್ತರಿಸಿ ಸಾಕಾಗಿದೆ, ಆದರೂ ಹೇಳುತ್ತೇನೆ. ಆ ಅಚ್ಚು ನೀರಿನ ಲೆಕ್ಕ. ನೀರು ಅದುಮಿದರೂ ಕುಗ್ಗುವುದಿಲ್ಲವಾದ್ದರಿಂದ ಪೈಪ್ ಸೀಳಿದ ಕೂಡಲೇ ಒತ್ತಡ ಇಳಿದುಹೋಗುತ್ತದೆ. ನೆಲ ಒರೆಸಿದರೆ ಮುಗಿಯಿತು. 8 ಕೆ.ಜಿ. ಒತ್ತಡದ ಗಾಳಿ ಎಂಟೊಂಬತ್ತು ಪಟ್ಟು ಹಿಗ್ಗಲು ಕಾದು ಕುಳಿತಿರುತ್ತದೆ. ಪಿವಿಸಿ ಒಡೆದಾಗ ಚೂಪು ಚೂರುಗಳಾಗುತ್ತದೆ, ಗಾಳಿ ಆ ಚೂರುಗಳನ್ನು ಕೋಣೆಯ ತುಂಬ ಎಸೆಯುತ್ತದೆ. ಕಂಪ್ರೆಸರ್‌ನ ಬಿಸಿಗೆ ಅದರ ತಾಳಿಕೆ ಇನ್ನೂ ಇಳಿಯುತ್ತದೆ. ‘ನಮ್ಮಲ್ಲಿ ವರ್ಷಗಟ್ಟಲೆ ಏನೂ ಆಗಿಲ್ಲ’ ಎಂದು ವಿಡಿಯೊದಲ್ಲಿ ಬೋಧಿಸುವ ಪಂಡಿತರು ತೋರಿಸುತ್ತಿರುವುದು ವರ್ಷಗಟ್ಟಲೆ ಪೆಡಸಾಗುತ್ತ ಬಂದ ಪೈಪನ್ನು, ಅಷ್ಟೆ.

ಬದಲಾಯಿಸುವ ಅನುಕೂಲ ಬೇಕೆಂದರೆ ಗಾಳಿಗೆಂದೇ ಬರುವ ಅಲ್ಯೂಮಿನಿಯಂ ಪೈಪ್ ತನ್ನಿ. ಅದರ ಜೋಡಣೆಗಳನ್ನು ಬಿಚ್ಚಿ ಮತ್ತೆ ಹಾಕಬಹುದು. ಹಣ ಸಾಲದಿದ್ದರೆ ಗಾಳಿಯ ರಬ್ಬರ್ ಹೋಸ್ ಒಂದೇ ಸಾಕು, ನಾಚಿಕೆಪಡಬೇಕಾದ್ದೇನಿಲ್ಲ.

ಪೈಪನ್ನು ಗೋಡೆಯುದ್ದಕ್ಕೂ ತಲೆಗಿಂತ ಎತ್ತರದಲ್ಲಿ ಎಳೆಯಿರಿ. ಕಂಪ್ರೆಸರ್‌ನಿಂದ ದೂರ ಹೋದಂತೆ ಮೀಟರಿಗೆ 1 ಸೆಂ.ಮೀ.ನಷ್ಟು ಇಳಿಜಾರು ಇರಲಿ, ತುದಿಯಲ್ಲಿ ನೀರು ಬಿಡುವ ವಾಲ್ವ್ ಇರಲಿ. ಬಿಸಿ ಗಾಳಿ ಪೈಪಿನೊಳಗೆ ತಣಿದಾಗ ಹೆಚ್ಚಿನ ತೇವ ನೀರಾಗಿ ತಳದಲ್ಲಿ ಹರಿಯುತ್ತದೆ. ಕವಲನ್ನು ಪೈಪಿನ ತಳದಿಂದ ತೆಗೆದರೆ ಆ ನೀರು ನೇರವಾಗಿ ಸ್ಪ್ರೇ ಗನ್ನಿಗೆ ಇಳಿದು ಹೊಸ ಬಣ್ಣದ ಮೇಲೆ ಗುಳ್ಳೆ ಏಳುತ್ತದೆ. ಬೈಗುಳ ಮಾತ್ರ ಬಣ್ಣದವನಿಗೆ. ಕವಲು ಪೈಪಿನ ನೆತ್ತಿಯಿಂದ ಹೊರಟು, ಬಾಗಿ, ಕೆಳಗಿಳಿಯಬೇಕು. ನೀರು ತಡೆಯುವ ಫಿಲ್ಟರನ್ನು ಕಂಪ್ರೆಸರ್ ಬಾಯಿಗೇ ಕೂರಿಸಬೇಡಿ, ಅಲ್ಲಿ ಗಾಳಿ ಇನ್ನೂ ಬಿಸಿಯಾಗಿರುವುದರಿಂದ ತೇವ ಆವಿಯಾಗಿಯೇ ದಾಟಿಹೋಗುತ್ತದೆ. ಕಂಪ್ರೆಸರ್‌ಗೂ ಪೈಪಿಗೂ ನಡುವೆ ಒಂದು ತುಂಡು ಹೋಸ್ ಹಾಕಿ, ಇಲ್ಲವಾದರೆ ಅದರ ನಡುಕ ಜೋಡಣೆಗಳನ್ನೆಲ್ಲ ಸಡಿಲಿಸುತ್ತದೆ. ಮುಂದೆ ಯಂತ್ರ ಬರಬಹುದಾದ ಕಡೆಗಳಲ್ಲಿ ಈಗಲೇ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಮುಚ್ಚಳ ಬಿಗಿದಿಡಿ.

ವಿದ್ಯುತ್ತಿಗೂ ಇದೇ ಬುದ್ಧಿ ಸಾಕು. ಗೋಡೆ ಕೊರೆದು ತಂತಿ ಹೂಳಬೇಡಿ, ಹೊರಮೈಯಲ್ಲೇ ಕಾಂಡೂಟ್ (ತಂತಿ ಸಾಗುವ ಕೊಳವೆ) ಓಡಿಸಿ. ಕಾಂಡೂಟ್ ಅರ್ಧಕ್ಕಿಂತ ಹೆಚ್ಚು ಖಾಲಿಯಿರಲಿ, ಒಳಗೆ ಎಳೆದಾರವೊಂದು ಬಿದ್ದಿರಲಿ. ನಾಳೆ ಹೊಸ ತಂತಿ ಎಳೆಯುವವರು ನಿಮ್ಮನ್ನು ನೆನೆಯುತ್ತಾರೆ. ಸಾಕೆಟ್‌ಗಳು ಮೇಜಿನ ಮಟ್ಟಕ್ಕಿಂತ ಮೇಲಿರಲಿ. ಕೆಳಗಿದ್ದರೆ ಮೊದಲ ವಾರವೇ ಅವುಗಳ ಮುಂದೆ ಪ್ಲೈವುಡ್ ಒರಗಿಸುತ್ತೀರಿ. ಕಂಪ್ರೆಸರ್‌ಗೆ ಪ್ರತ್ಯೇಕ ಸರ್ಕ್ಯೂಟ್ ಕೊಡಿ. ಸಾಕೆಟ್‌ಗಳಿಗೆಲ್ಲ 30 ಮಿಲಿಆಂಪಿಯರ್ ಆರ್‌ಸಿಡಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸಾಧನ) ಇರಲೇಬೇಕು, ಇದರಲ್ಲಿ ಚರ್ಚೆಯಿಲ್ಲ.

ಪ್ರಶ್ನೆ: ಗರಗಸ ಚಾಲೂ ಮಾಡಿದೊಡನೆ ಎಂಸಿಬಿ (ವಿದ್ಯುತ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್) ಬೀಳುತ್ತದೆ. ದೊಡ್ಡದು ಹಾಕಿಸಲೇ?

ಉತ್ತರ: ಎಂಸಿಬಿ ಕಾಯುವುದು ತಂತಿಯನ್ನು, ನಿಮ್ಮ ಗರಗಸವನ್ನಲ್ಲ. ತಂತಿ ಬದಲಿಸದೆ ದೊಡ್ಡ ಎಂಸಿಬಿ ಹಾಕಿದರೆ ಗೋಡೆಯೊಳಗೆ ಬೆಂಕಿ ಸಾಕಿದಂತೆ. ಮೋಟರ್ ಏಳುವಾಗ ಕ್ಷಣಕಾಲ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಈಗಿನಷ್ಟೇ ಆಂಪಿಯರಿನ, ಆ ಕ್ಷಣದ ಎಳೆತವನ್ನು ತಾಳುವ ‘ಸಿ’ ಬಗೆಯ ಎಂಸಿಬಿ ಹೊಂದುತ್ತದೆಯೇ ಎಂದು ತಿಳಿದವರಿಂದ ನೋಡಿಸಿ.

ಪ್ರಶ್ನೆ: ದೀಪಕ್ಕೂ ಯಂತ್ರಕ್ಕೂ ಒಂದೇ ಸರ್ಕ್ಯೂಟ್ ಸಾಲದೇ?

ಉತ್ತರ: ಎಂಸಿಬಿ ಬಿದ್ದ ಮೇಲೂ ಬ್ಲೇಡ್ ತಿರುಗುತ್ತಲೇ ಇರುತ್ತದೆ, ಕತ್ತಲಲ್ಲಿ. ಸಾಲದು.

ಪ್ರಶ್ನೆ: ಎಕ್ಸ್‌ಟೆನ್ಷನ್ ಕೇಬಲನ್ನು ಸುರುಳಿ ಬಿಚ್ಚದೆ ಬಳಸಬಹುದೇ?

ಉತ್ತರ: ಮೊಬೈಲ್ ಚಾರ್ಜ್ ಮಾಡಲು, ಧಾರಾಳವಾಗಿ. ಗ್ರೈಂಡರ್‌ಗಾದರೆ ಪೂರ್ತಿ ಬಿಚ್ಚಿ, ಸುರುಳಿಯೊಳಗಿನ ಬಿಸಿಗೆ ಹೊರಹೋಗಲು ದಾರಿಯಿಲ್ಲ.

ಪ್ರಶ್ನೆ: ಗಾಳಿಯ ಲೋಹದ ಪೈಪನ್ನೇ ಅರ್ಥಿಂಗ್ ತಂತಿಯಾಗಿ ಬಳಸಿದರೆ ಸಾಕೆಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ.

ಉತ್ತರ: ಪೈಪಿನ ಒಂದು ಜೋಡಣೆ ಬಿಚ್ಚಿದರೆ ಅರ್ಥಿಂಗೂ ಹೋಯಿತು. ಎಲೆಕ್ಟ್ರಿಷಿಯನ್ ಅವರನ್ನು ಬದಲಿಸಿ.